ಹೊಸ ಮೀನು ತಂದಿರಾ? ಸ್ವಲ್ಪ ತಡೆಯಿರಿ

ಹೊಸದಾಗಿ ತಂದ ಕ್ಲೌನ್ ಮೀನಿನ ರೆಕ್ಕೆಯ ಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳಿವೆಯೇ? ಮೈಯನ್ನು ಕಲ್ಲಿಗೆ ಉಜ್ಜುತ್ತಿದೆಯೇ? ಕ್ರಿಪ್ಟೊಕ್ಯಾರಿಯಾನ್ ಎಂಬ ಪರೋಪಜೀವಿಯ ಕಾಟವಿರಬಹುದು. ನಾಲ್ಕು ದಿನಕ್ಕೆ ಚುಕ್ಕೆ ಮಾಯವಾದರೆ ವಾಸಿಯಾಯಿತೆಂದು ನಂಬಬೇಡಿ. ಆ ಪರೋಪಜೀವಿ ಮೈಯಿಂದ ಉದುರಿ, ತಳದ ಮರಳಿನಲ್ಲಿ ಕೋಶ ಕಟ್ಟಿ, ನೂರಾರು ಮರಿಗಳಾಗಿ ಮತ್ತೆ ಮೀನನ್ನು ಹುಡುಕಿ ಬರುತ್ತದೆ.

ಇದಕ್ಕೆ ತಾಮ್ರದ ಔಷಧಿ ಉಂಟು. ಆದರೆ ಹವಳ, ಸಿಗಡಿ ಇರುವ ಟ್ಯಾಂಕಿಗೆ ಅದನ್ನು ಹಾಕಲೇಬೇಡಿ, ಅವು ಸಾಯುತ್ತವೆ. ಮೀನಿಗೆ ಔಷಧಿ ಕೊಡಲು ಮರಳು, ಕಲ್ಲು ಇಲ್ಲದ ಚಿಕ್ಕ ಟ್ಯಾಂಕೊಂದನ್ನು ಬೇರೆಯಾಗಿಡಿ. ಫಿಲ್ಟರ್, ಹೀಟರ್, ಮೀನು ಅಡಗಲು ಪಿವಿಸಿ ಪೈಪಿನ ತುಂಡು ಇದ್ದರೆ ಸಾಕು. ತಾಮ್ರವನ್ನೂ ಅಮೋನಿಯಾವನ್ನೂ ಟೆಸ್ಟ್ ಕಿಟ್‌ನಿಂದ ಅಳೆಯುತ್ತಿರಿ. ಅಂದಾಜಿನ ಔಷಧಿಯೇ ಎಷ್ಟೋ ಮೀನುಗಳ ಜೀವ ತೆಗೆದಿದೆ.

ಮುಂದಿನ ಸಲ ಮೀನು ಕೊಳ್ಳುವ ಮೊದಲೇ ಈ ಟ್ಯಾಂಕ್ ಸಿದ್ಧವಿರಲಿ. ಹೊಸದು ನಾಲ್ಕಾರು ವಾರ ಅಲ್ಲೇ ಇರಲಿ.