ಬಿತ್ತಿದ ಬೀಜ ಹುಟ್ಟದಿದ್ದರೆ: ರೈತನಿಗೆ ಸಮೀಪದಲ್ಲೇ ದೊರೆಯುವ ಉಚಿತ ನೆರವು

ಹಿಂದೆ ಬಿತ್ತನೆ ಬೀಜ ಮನೆಯ ಕಣಜದಿಂದಲೇ ಬರುತ್ತಿತ್ತು. ಹುಟ್ಟದಿದ್ದರೆ ದೂರಲು ಯಾರೂ ಇರುತ್ತಿರಲಿಲ್ಲ. ಈಗ ಮುಸುಕಿನ ಜೋಳ, ಸೂರ್ಯಕಾಂತಿ, ಹತ್ತಿ, ತರಕಾರಿ ಮುಂತಾದವುಗಳ ಬೀಜವನ್ನು ಬಹುಮಟ್ಟಿಗೆ ಅಂಗಡಿಯಿಂದಲೇ ತರಬೇಕಾಗಿದೆ. ಹಣ ಕೊಟ್ಟು ಕೊಂಡ ಮೇಲೆ ರೈತನೂ ಒಬ್ಬ ಬಳಕೆದಾರ. ಸಾಬೂನು ಕೊಂಡವನಿಗೆ ಇರುವ ಹಕ್ಕು ಬೀಜ ಕೊಂಡವನಿಗೂ ಉಂಟು. ಇದು ಅನೇಕ ರೈತರಿಗೆ ತಿಳಿಯದು. ತಿಳಿದವರೂ ಕೋರ್ಟು, ವಕೀಲರು, ಖರ್ಚು ಎಂದು ಹಿಂಜರಿಯುತ್ತಾರೆ. ಆದರೆ ಈ ಕೆಲಸಕ್ಕೆ ಬೇಕಾದ ಸಲಹೆ ಹೋಬಳಿ, ತಾಲ್ಲೂಕು ಮಟ್ಟದಲ್ಲೇ ಪುಕ್ಕಟೆಯಾಗಿ ದೊರೆಯುತ್ತದೆ. ತೊಂದರೆ ಇರುವುದು ಬೇರೆಡೆ. ರೈತ ನೆರವು ಕೇಳಲು ಹೋಗುವ ಹೊತ್ತಿಗೆ ಚೀಲ ಬಿಸಾಡಿರುತ್ತಾನೆ, ರಸೀತಿ ಪಡೆದೇ ಇರುವುದಿಲ್ಲ, ಹೊಲ ಹರಗಿ ಮರುಬಿತ್ತನೆ ಮುಗಿಸಿರುತ್ತಾನೆ. ಆಗ ಎಂಥ ಸಲಹೆಗಾರನೂ ಹೆಚ್ಚೇನೂ ಮಾಡಲಾರ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಬೀಜ ಮಾರುವವರು ರಸೀತಿ ಕೊಡಲೇಬೇಕೆಂದು 1983ರ ಬೀಜ ನಿಯಂತ್ರಣ ಆಜ್ಞೆ ವಿಧಿಸುತ್ತದೆ. ಗೊಬ್ಬರಕ್ಕೆ ಸಂಬಂಧಿಸಿದ 1985ರ ಆಜ್ಞೆಯಲ್ಲಿಯೂ ಇದೇ ನಿಯಮವಿದೆ. ನಗದಾಗಲಿ, ಉದ್ರಿಯಾಗಲಿ, ರಸೀತಿ ಕಡ್ಡಾಯ. ನಮ್ಮ ಹಳ್ಳಿಗಳಲ್ಲಿ ಬೀಜ ಮಾರುವವನೇ ಎಷ್ಟೋ ಸಲ ಸಾಲ ಕೊಡುವವನೂ ಆಗಿರುತ್ತಾನೆ. ಅವನನ್ನು ರಸೀತಿ ಕೇಳಲು ಸಂಕೋಚ. ಈ ಸಂಕೋಚಕ್ಕೆ ತೆರುವ ಬೆಲೆ ಕೆಲವೊಮ್ಮೆ ಇಡೀ ಹಂಗಾಮಿನ ಬೆಳೆ. ರಸೀತಿಯಲ್ಲಿ ತಳಿಯ ಹೆಸರು ಮತ್ತು ಲಾಟ್ ಸಂಖ್ಯೆ ಬರೆಸಿಕೊಳ್ಳಬೇಕು. ಈ ಸಂಖ್ಯೆ ಚೀಲದ ಮೇಲಿನ ಸಂಖ್ಯೆಗೆ ತಾಳೆಯಾಗಬೇಕು.

ಪ್ರಮಾಣಿತ ಬೀಜದ ಚೀಲಕ್ಕೆ ನೀಲಿ ಚೀಟಿ ಇರುತ್ತದೆ. ಅದರ ಮೇಲೆ ಪರೀಕ್ಷೆ ಮಾಡಿದ ದಿನಾಂಕ, ಅವಧಿ ಮುಗಿಯುವ ದಿನಾಂಕಗಳಿರುತ್ತವೆ. ಕನಿಷ್ಠ ಮೊಳಕೆ ಪ್ರಮಾಣ ಭತ್ತಕ್ಕೆ ಶೇಕಡ 80, ರಾಗಿ ಮತ್ತು ತೊಗರಿಗೆ 75, ಶೇಂಗಾ ಮತ್ತು ಸೂರ್ಯಕಾಂತಿಗೆ 70, ಹೈಬ್ರಿಡ್ ಮುಸುಕಿನ ಜೋಳಕ್ಕೆ 90 ಇರಬೇಕು. ಚೀಲವನ್ನು ಚೀಟಿ ಇರುವ ಕಡೆ ಬಿಚ್ಚದೆ ಕೆಳಬದಿಯಿಂದ ಕತ್ತರಿಸಿದರೆ ಚೀಟಿಯೂ ಮೊಹರೂ ಹಾಳಾಗದೆ ಉಳಿಯುತ್ತವೆ. ಬಿತ್ತುವ ಮೊದಲು ನೂರು ಕಾಳುಗಳನ್ನು ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು ಒಂದು ವಾರದ ನಂತರ ಎಣಿಸಿ ನೋಡುವುದು ಒಳ್ಳೆಯದು. ಒಂದು ಹಿಡಿ ಬೀಜವನ್ನು ಚೀಲದಲ್ಲಿಯೇ ಉಳಿಸಿ, ಬೆಳೆ ಕೊಯ್ಲಾಗುವವರೆಗೆ ಕಾಯ್ದಿಡಿರಿ.

ಯೂರಿಯಾ ಬೇಕಾದರೆ ಜೊತೆಗೆ ಇಂಥ ಔಷಧಿಯನ್ನೂ ಕೊಳ್ಳಬೇಕೆಂದು ಕೆಲವು ಅಂಗಡಿಯವರು ಒತ್ತಾಯಿಸುವುದುಂಟು. ಒಂದು ಸರಕಿಗೆ ಇನ್ನೊಂದನ್ನು ಹೀಗೆ ಗಂಟು ಹಾಕುವುದನ್ನು ಗ್ರಾಹಕ ಸಂರಕ್ಷಣಾ ಕಾಯಿದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ಇದರ ಮೇಲೂ ದೂರು ಕೊಡಬಹುದು.

ಮೊಳಕೆ ಬಾರದಿದ್ದಾಗ

ಮೊದಲು ಮಾಡಬೇಕಾದ ಕೆಲಸವೆಂದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರಹದಲ್ಲಿ ಅರ್ಜಿ ಕೊಡುವುದು. ಸರ್ವೆ ನಂಬರು, ಬಿತ್ತಿದ ದಿನಾಂಕ, ತಳಿ, ಲಾಟ್ ಸಂಖ್ಯೆ, ಅಂಗಡಿಯ ಹೆಸರು ಇಷ್ಟಿದ್ದರೆ ಸಾಕು. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಮುಂದೆ ದಾಖಲೆ ಇರುವುದಿಲ್ಲ. ತಾಕಿಗೆ ಕೃಷಿ ಅಧಿಕಾರಿಗಳನ್ನೂ, ಸಾಧ್ಯವಾದರೆ ಕೃಷಿ ವಿಶ್ವವಿದ್ಯಾನಿಲಯ ಅಥವಾ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳನ್ನೂ ಕರೆಸಬೇಕೆಂದು ಅರ್ಜಿಯಲ್ಲೇ ಕೋರಬೇಕು.

ಇಲ್ಲಿ ವಿಸ್ತರಣಾ ಕಾರ್ಯಕರ್ತರಿಗೆ ಒಂದು ಮಾತು. ಬೀಜ ಹುಟ್ಟದಿರಲು ಬೀಜವೇ ಕಾರಣವಾಗಬೇಕೆಂದಿಲ್ಲ. ತೇವ ಸಾಲದೆ, ಹೆಚ್ಚು ಆಳಕ್ಕೆ ಬಿದ್ದು, ಮಣ್ಣು ಹೆಪ್ಪುಗಟ್ಟಿ, ಗೆದ್ದಲು ಹತ್ತಿ ಸಹ ಬೀಜ ಕೆಡುತ್ತದೆ. "ಬೆಳೆ ವಿಫಲವಾಗಿದೆ" ಎಂದಷ್ಟೇ ಬರೆದ ವರದಿ ರೈತನಿಗೆ ಉಪಯೋಗಕ್ಕೆ ಬರುವುದಿಲ್ಲ. ಪ್ರತಿ ಸಾಲಿನಲ್ಲಿ ಎಷ್ಟು ಸಸಿ, ಅದೇ ದಿನ ಬೇರೆ ಬೀಜ ಬಿತ್ತಿದ ಪಕ್ಕದ ಹೊಲದಲ್ಲಿ ಎಷ್ಟು, ಮಣ್ಣಿನ ಸ್ಥಿತಿ ಹೇಗಿತ್ತು, ಯಾವ ಕಾರಣಗಳನ್ನು ಪರಿಶೀಲಿಸಿ ಕೈಬಿಡಲಾಯಿತು ಎಂಬುದನ್ನೆಲ್ಲ ಬರೆಯಬೇಕು. ತಪಾಸಣೆಯ ದಿನವನ್ನು ಅಂಗಡಿಯವರಿಗೂ ಕಂಪನಿಗೂ ಮುಂಚಿತವಾಗಿ ತಿಳಿಸಬೇಕು. ಇಲ್ಲದಿದ್ದರೆ ತಮ್ಮ ಬೆನ್ನ ಹಿಂದೆ ವರದಿ ಬರೆದರೆಂದು ಅವರು ವಾದಿಸುತ್ತಾರೆ.

ಹದ ಆರುವುದರೊಳಗೆ ಮರುಬಿತ್ತನೆ ಮಾಡಬೇಕಾದ ಒತ್ತಡ ರೈತನಿಗೆ ಇದ್ದೇ ಇರುತ್ತದೆ. ಅಂಥ ಸಂದರ್ಭದಲ್ಲಿ ಹೊಲವನ್ನೆಲ್ಲ ಹರಗದೆ ಕೆಲವು ಸಾಲುಗಳನ್ನಾದರೂ ತಪಾಸಣೆಗೆ ಉಳಿಸಬೇಕು. ದಿನಾಂಕ ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಬೇಕು. ಬೆರಕೆ ತಳಿಯ ದೂರಾದರೆ ಹೂವು, ಕಾಯಿ ಬಿಡುವ ಹಂತದಲ್ಲಿಯೇ ತಪಾಸಣೆ ಆಗಬೇಕು.

ಸಲಹೆ ಎಲ್ಲಿ ದೊರೆಯುತ್ತದೆ?

ಬೆಳೆಯ ವಿಷಯಕ್ಕೆ ಕಿಸಾನ್ ಕಾಲ್ ಸೆಂಟರ್, 1800-180-1551. ವ್ಯಾಪಾರಿಯ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, 1915. ಎರಡಕ್ಕೂ ಕರೆ ಉಚಿತ. ಸಹಾಯವಾಣಿಯವರು ದೂರನ್ನು ಕಂಪನಿಗೆ ಕಳುಹಿಸಿ ರಾಜಿಗೆ ಪ್ರಯತ್ನಿಸುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಬರ ಅಥವಾ ನೆರೆಗೆ ತುತ್ತಾದವರಿಗೆ, ಕಡಿಮೆ ವರಮಾನದವರಿಗೆ ವಕೀಲರ ನೆರವೂ ಪುಕ್ಕಟೆ. ಜನರೇ ಕಟ್ಟಿಕೊಂಡ ಸಂಸ್ಥೆಗಳೂ ಇವೆ. ಕುಂದಾಪುರ ತಾಲ್ಲೂಕಿನ ಬಸ್ರೂರಿನಲ್ಲಿ 1986ರ ಕಾಯಿದೆ ಬರುವ ಮೊದಲೇ ಡಾ. ರವೀಂದ್ರನಾಥ ಶಾನುಭಾಗರು ಬಳಕೆದಾರರ ವೇದಿಕೆ ಆರಂಭಿಸಿದ್ದರು. ಇಂಥ ಕೆಲಸಕ್ಕೆ ದೊಡ್ಡ ಪಟ್ಟಣವೇ ಆಗಬೇಕಿಲ್ಲ.

ಜಿಲ್ಲಾ ಆಯೋಗದಲ್ಲಿ ದೂರು

1966ರ ಬೀಜ ಕಾಯಿದೆಯಡಿ ತಪ್ಪಿತಸ್ಥ ವ್ಯಾಪಾರಿಗೆ ಶಿಕ್ಷೆಯಾಗಬಹುದು, ಆದರೆ ರೈತನ ನಷ್ಟ ತುಂಬಿಕೊಡುವ ವ್ಯವಸ್ಥೆ ಅದರಲ್ಲಿಲ್ಲ. ಪರಿಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೇ ಹೋಗಬೇಕು. ರೈತ ಲಾಭಕ್ಕಾಗಿ ಬೆಳೆಯುವವನು, ಅವನು ಗ್ರಾಹಕನಲ್ಲ. ಬೀಜವನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿಲ್ಲ ಎಂದು ಕಂಪನಿಗಳು ಬಹಳ ಕಾಲ ವಾದಿಸುತ್ತಿದ್ದವು. ಆಂಧ್ರಪ್ರದೇಶದ ರೈತರಿಗೂ ರಾಷ್ಟ್ರೀಯ ಬೀಜ ನಿಗಮಕ್ಕೂ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2012ರ ಜನವರಿಯಲ್ಲಿ ಈ ವಾದಗಳನ್ನು ತಳ್ಳಿಹಾಕಿತು. ಕೊಂಡ ಬೀಜವನ್ನೆಲ್ಲ ಬಿತ್ತುವ ರೈತ ಪರೀಕ್ಷೆಗೆಂದು ಉಳಿಸಿಡುತ್ತಾನೆಂದು ನಿರೀಕ್ಷಿಸಲಾಗದು, ಅದೇ ಲಾಟಿನ ಮಾದರಿಯನ್ನು ಕಂಪನಿಯೇ ಹಾಜರುಪಡಿಸಬಹುದಿತ್ತು ಎಂಬುದು ನ್ಯಾಯಾಲಯದ ಅಭಿಪ್ರಾಯ. ಹಾಗಿದ್ದರೂ ಮೇಲೆ ಹೇಳಿದ ಹಿಡಿ ಬೀಜ ಕೈಯಲ್ಲಿದ್ದರೆ ಕೆಲಸ ಹಗುರ.

ಈಗ ಜಾರಿಯಲ್ಲಿರುವ 2019ರ ಕಾಯಿದೆಯ ಪ್ರಕಾರ ರೈತ ತಾನು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಂಡ ಸರಕಿನ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು. ನಷ್ಟವಾದ 2 ವರ್ಷದೊಳಗೆ ದೂರು ಸಲ್ಲಬೇಕು. ರಸೀತಿ, ಚೀಟಿ, ತಪಾಸಣಾ ವರದಿಗಳ ಜೊತೆಗೆ ಆ ವರ್ಷದ ಬೆಳೆ ನಮೂದಾದ ಪಹಣಿ, ಖರ್ಚಿನ ಲೆಕ್ಕ, ಆ ಹಂಗಾಮಿನ ಮಾರುಕಟ್ಟೆ ಸಮಿತಿಯ ಧಾರಣೆಯನ್ನೂ ಲಗತ್ತಿಸಬೇಕು. ನಷ್ಟದ ಮೊತ್ತ ಲೆಕ್ಕಕ್ಕೆ ಸಿಗುವುದು ಇವುಗಳಿಂದಲೇ. ಪ್ರಯೋಗಾಲಯದ ಪರೀಕ್ಷೆ ಬೇಡವಾದರೆ 3 ತಿಂಗಳಲ್ಲಿ, ಬೇಕಾದರೆ 5 ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ಅನುಭವದಲ್ಲಿ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು. ಕಂಪನಿಯವರು ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬೇಕಾದರೆ 45 ದಿನಗಳೊಳಗೆ ಹೋಗಬೇಕು, ಆದೇಶವಾದ ಮೊತ್ತದಲ್ಲಿ ಅರ್ಧವನ್ನು ಮೊದಲೇ ಠೇವಣಿ ಇಡಬೇಕು.