ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣೆ: ನೆನಪಿಡಬೇಕಾದ ಅಂಶಗಳು

1. ಕಾನೂನು
• ಮೂಲ ಕಾಯ್ದೆ: ಪರಿಸರ (ಸಂರಕ್ಷಣಾ) ಕಾಯ್ದೆ, 1986
• ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು, 2016 (2011ರ ನಿಯಮಗಳ ಬದಲಿಗೆ)
• ಏಕಬಳಕೆ ಪ್ಲಾಸ್ಟಿಕ್ ನಿಷೇಧ ಜಾರಿ: 2022 ಜುಲೈ 1. ಪಟ್ಟಿಯಲ್ಲಿ: ಸ್ಟ್ರಾ, ತಟ್ಟೆ, ಲೋಟ, ಬಲೂನ್ ಕಡ್ಡಿ, ಸಿಹಿತಿಂಡಿ ಡಬ್ಬಿಗೆ ಸುತ್ತುವ ಹಾಳೆ, 100 ಮೈಕ್ರಾನ್‌ಗಿಂತ ತೆಳುವಾದ ಪಿವಿಸಿ ಬ್ಯಾನರ್
• ಕರ್ನಾಟಕ: 2016 ಮಾರ್ಚ್ 11ರ ಅಧಿಸೂಚನೆ. ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ ನಿಷೇಧ

2. ಕೈಚೀಲದ ಕನಿಷ್ಠ ದಪ್ಪ (ಕೇಂದ್ರ ನಿಯಮ)
• 2016: 50 ಮೈಕ್ರಾನ್
• 2021 ಸೆಪ್ಟೆಂಬರ್ 30ರಿಂದ: 75 ಮೈಕ್ರಾನ್
• 2022 ಡಿಸೆಂಬರ್ 31ರಿಂದ: 120 ಮೈಕ್ರಾನ್
• ನಾನ್‌ವೋವನ್ ಚೀಲ: ಕನಿಷ್ಠ 60 ಜಿಎಸ್‌ಎಂ (ಮೈಕ್ರಾನ್ ಅಲ್ಲ!)

3. ತ್ರಿಕೋನದೊಳಗಿನ ಸಂಖ್ಯೆ
• 1 ಪಿಇಟಿ: ನೀರಿನ ಬಾಟಲಿ
• 2 ಎಚ್‌ಡಿಪಿಇ: ಶಾಂಪೂ ಬಾಟಲಿ
• 3 ಪಿವಿಸಿ: ಪೈಪ್
• 4 ಎಲ್‌ಡಿಪಿಇ: ತೆಳು ಚೀಲ
• 5 ಪಿಪಿ: ಬಾಟಲಿ ಮುಚ್ಚಳ
• 6 ಪಿಎಸ್: ಥರ್ಮೋಕೋಲ್
• 7 ಇತರೆ

4. ಇಪಿಆರ್ (ವಿಸ್ತೃತ ಉತ್ಪಾದಕರ ಹೊಣೆಗಾರಿಕೆ)
• ಮಾರ್ಗಸೂಚಿ: 2022 ಫೆಬ್ರವರಿ 16
• ಹೊಣೆ: ಉತ್ಪಾದಕ, ಆಮದುದಾರ, ಬ್ರ್ಯಾಂಡ್ ಮಾಲೀಕ
• ವರ್ಗ 1 ಗಟ್ಟಿ, ವರ್ಗ 2 ಮೆದು, ವರ್ಗ 3 ಬಹುಪದರ ಪ್ಯಾಕೇಜಿಂಗ್

5. ಗೊಂದಲದ ಅಂಶಗಳು
• ತ್ರಿಕೋನದ ಸಂಖ್ಯೆ ಪ್ಲಾಸ್ಟಿಕ್‌ನ ಬಗೆಯನ್ನು ಸೂಚಿಸುತ್ತದೆ, ಮರುಸಂಸ್ಕರಣೆಯ ಖಾತ್ರಿಯಲ್ಲ.
• ಥರ್ಮೋಪ್ಲಾಸ್ಟಿಕ್ (ಪಿಇಟಿ, ಪಿವಿಸಿ): ಕರಗಿಸಿ ಮತ್ತೆ ಅಚ್ಚು ಹಾಕಬಹುದು. ಥರ್ಮೋಸೆಟ್ (ಬೇಕಲೈಟ್, ಮೆಲಮೈನ್): ಹಾಕಲಾಗದು.
• ಜೈವಿಕ ಮೂಲದ ಪ್ಲಾಸ್ಟಿಕ್ ಎಲ್ಲವೂ ಜೈವಿಕ ವಿಘಟನೀಯವಲ್ಲ.
• ಆದ್ಯತಾ ಕ್ರಮ: ಬಳಕೆ ಕಡಿತ → ಮರುಬಳಕೆ → ಮರುಸಂಸ್ಕರಣೆ. ಮರುಸಂಸ್ಕರಣೆ ಮೊದಲನೆಯದಲ್ಲ.
• ಪ್ಲಾಸ್ಟಿಕ್ ಮಾಲಿನ್ಯದ ವಿಷಯವಿದ್ದ ವಿಶ್ವ ಪರಿಸರ ದಿನದ ಆತಿಥೇಯರು: 2018 ಭಾರತ, 2023 ಐವರಿ ಕೋಸ್ಟ್, 2025 ದಕ್ಷಿಣ ಕೊರಿಯಾ.

ಮಾದರಿ ಪ್ರಶ್ನೆ: ಇವುಗಳಲ್ಲಿ ಥರ್ಮೋಸೆಟ್ ಯಾವುದು?
(ಎ) ಪಿವಿಸಿ (ಬಿ) ಬೇಕಲೈಟ್ (ಸಿ) ಪಿಇಟಿ (ಡಿ) ಪಿಪಿ
ಉತ್ತರ: (ಬಿ)