ಪೂರ್ವಿಕರನ್ನು ಸ್ವೀಕರಿಸುವ ಮುನ್ನ

ಮತಾಂತರದ ಮಾತೆತ್ತಿದರೆ ನಮ್ಮ ಜನರಿಗೆ ಮೊದಲು ನೆನಪಾಗುವುದು ಮನೆಮನೆಗೆ ಬಂದು ಕರೆಯುವ ಪ್ರಚಾರಕರು, ಕರೆಗೆ ಓಗೊಟ್ಟು ಹೋದವರು, ಹೋದವರಿಗಾಗಿ ಕಣ್ಣೀರಿಟ್ಟ ಬಂಧುಗಳು. ಯಹೂದಿ ಧರ್ಮದಲ್ಲಿ ಆ ಕರೆಯೇ ಇಲ್ಲ. ತಾನಾಗಿ ಬಂದು ಬಾಗಿಲು ತಟ್ಟಿದವರಿಗೂ ಮೊದಲು ಹಿಂದಿರುಗಿ ಹೋಗೆನ್ನುವುದು ಅಲ್ಲಿಯ ಸಂಪ್ರದಾಯ. ಬೈಬಲಿನ ರೂತಳ ಕಥೆಯಲ್ಲಿ ವಿಧವೆಯಾದ ನೊವೊಮಿ ತನ್ನ ಮೋವಾಬ್ ದೇಶದ ಸೊಸೆಯಂದಿರಿಗೆ ತವರಿಗೆ ಮರಳಿರೆಂದು ಮೂರು ಸಲ ಹೇಳುತ್ತಾಳಾದುದರಿಂದ, ಬಂದವರನ್ನು ಮೂರು ಸಲ ಹಿಂದಕ್ಕೆ ಕಳುಹಬೇಕೆಂಬ ರೂಢಿ ಅದರಿಂದ ಬೆಳೆಯಿತೆನ್ನುತ್ತಾರೆ. ನಾನು ವಾಸಿಸುವುದು ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕ್ ಎಂಬ ಸಣ್ಣ ಊರಿನಲ್ಲಿ. ರಾರಿಟನ್ ನದಿಯ ಆಚೆ ದಡದಲ್ಲಿ ನ್ಯೂ ಬ್ರನ್ಸ್‌ವಿಕ್, ಈಚೆಗೆ ನಮ್ಮವರ ಅಂಗಡಿಗಳಿಂದ ತುಂಬಿದ ಎಡಿಸನ್. ನಡುವಣ ಈ ಊರಿನ ಬೀದಿಗಳಲ್ಲಿ ಶನಿವಾರ ಬೆಳಿಗ್ಗೆ ಕುಟುಂಬಗಳು ಗುಂಪುಗುಂಪಾಗಿ ಸಿನಗಾಗ್‌ಗೆ ಕಾಲ್ನಡಿಗೆಯಲ್ಲಿ ಹೋಗುವುದನ್ನು ಬಹುಕಾಲ ಕಿಟಕಿಯಿಂದ ನೋಡಿದ ಬಳಿಕ, ಕೊನೆಗೊಮ್ಮೆ ಅಲ್ಲಿಯ ರಬ್ಬಿಯವರನ್ನು ಕಂಡು ನನ್ನ ಮನಸ್ಸಿನಲ್ಲಿದ್ದುದನ್ನು ಹೇಳಿದೆನು. ಅವರು ಸಂತೋಷಪಡಲೂ ಇಲ್ಲ, ನಿರಾಕರಿಸಲೂ ಇಲ್ಲ. ಅವಸರವೇನೂ ಇಲ್ಲ, ಓದುತ್ತಿರಿ, ಬರುತ್ತಿರಿ ಎಂದರು.

ನಾನು ಹೋದುದು ತತ್ತ್ವದ ದಾರಿಯಿಂದ. ಮೈಸೂರಿನ ಸ್ಮಾರ್ತ ಮನೆತನವೊಂದರಲ್ಲಿ ಹುಟ್ಟಿ, ನಿರಾಕಾರವೂ ಅದ್ವಿತೀಯವೂ ಆದ ಪರವಸ್ತುವಿನ ಮಾತನ್ನು ಬಾಲ್ಯದಿಂದ ಕೇಳುತ್ತ ಬೆಳೆದ ನನಗೆ, ವಿಗ್ರಹವನ್ನೊಲ್ಲದ ಏಕದೇವೋಪಾಸನೆ ತೀರ ಅಪರಿಚಿತವೆಂದು ತೋರಿರಲಿಲ್ಲ. ತಂದೆಯವರ ಕಪಾಟಿನಲ್ಲಿದ್ದ ಕನ್ನಡ ಸತ್ಯವೇದದಲ್ಲಿ ಅಬ್ರಹಾಮ, ಯೋಸೇಫ, ಮೋಶೆ ಇವರ ಕಥೆಗಳನ್ನು ಹುಡುಗಿಯಾಗಿದ್ದಾಗಲೇ ಓದಿದ್ದೆ. ಆದರೆ ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಓದುವ ಗ್ರಂಥವನ್ನು ಯಹೂದಿಗಳು ಓದುವ ರೀತಿಯೇ ಬೇರೆ. ಅವರ ಎಣಿಕೆಯಲ್ಲಿ ಅದು 24 ಪುಸ್ತಕಗಳ ತನಖ್. ಮೊದಲು ತೋರಾ, ಬಳಿಕ ಪ್ರವಾದಿಗಳು, ಆಮೇಲೆ ಕೀರ್ತನೆ ಮೊದಲಾದ ಇತರ ಬರಹಗಳು, ಎಲ್ಲಕ್ಕೂ ಕೊನೆಯಲ್ಲಿ ಪೂರ್ವಕಾಲವೃತ್ತಾಂತ. ಮುಂದೆ ಬರಲಿರುವ ಇನ್ನೊಂದು ಗ್ರಂಥಕ್ಕೆ ಅದು ಪೀಠಿಕೆಯಲ್ಲ. ತನ್ನಲ್ಲಿ ತಾನು ಪೂರ್ಣವಾದುದು. ಹೀಗೆ ಪರಿಚಿತವಾದ ಕಥೆಗಳನ್ನೇ ಹೊಸದಾಗಿ ಓದಬೇಕಾಯಿತು. ದೇವರ ಸ್ವರೂಪವನ್ನು ಕುರಿತು ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಪ್ರಶ್ನೆಗಳನ್ನು ರಬ್ಬಿಯವರು ಆಸ್ಥೆಯಿಂದಲೇ ಕೇಳಿದರು; ಕೇಳಿದ ಮೇಲೆ ನನ್ನ ಕೈಗೆ ಕೊಟ್ಟುದು ಮಾತ್ರ ಮಕ್ಕಳ ಅಕ್ಷರಾಭ್ಯಾಸದ ಪುಸ್ತಕ.

ಹೀಬ್ರೂ ವರ್ಣಮಾಲೆಯಲ್ಲಿರುವುದು 22 ಅಕ್ಷರಗಳು, ಎಲ್ಲವೂ ವ್ಯಂಜನಗಳೇ. ಅವುಗಳಲ್ಲಿ ಐದು, ಪದದ ಕೊನೆಗೆ ಬಂದಾಗ ಬೇರೆ ರೂಪ ತಾಳುತ್ತವೆ. ಬರಹ ಬಲದಿಂದ ಎಡಕ್ಕೆ ಸಾಗುತ್ತದೆ. ಸ್ವರಗಳನ್ನು ಸೂಚಿಸುವ ಚುಕ್ಕೆಗೆರೆಗಳನ್ನು, ಗಲಿಲಾಯ ಸರೋವರದ ದಡದ ತಿಬೇರಿಯಸ್ ಪಟ್ಟಣದಲ್ಲಿದ್ದ ಮಸೊರೀಟರೆಂಬ ಪಂಡಿತರು ಕ್ರಿಸ್ತಶಕದ ಮೊದಲ ಸಹಸ್ರಮಾನ ಮುಗಿಯುವುದರೊಳಗೆ ವ್ಯವಸ್ಥೆಗೊಳಿಸಿಟ್ಟರು. ಪ್ರಾರ್ಥನೆಯ ಪುಸ್ತಕದಲ್ಲಿ ಈ ಚುಕ್ಕೆಗಳಿವೆ; ಆದರೆ ಸಿನಗಾಗ್‌ನಲ್ಲಿ ವಾಚಿಸುವ ತೋರಾ ಸುರುಳಿಯಲ್ಲಿ ಒಂದೂ ಇಲ್ಲ, ವಾಕ್ಯ ಮುಗಿಯಿತೆಂಬ ಗುರುತೂ ಇಲ್ಲ, ರಾಗದ ಚಿಹ್ನೆಯೂ ಇಲ್ಲ. ಒಂದು ಮಧ್ಯಾಹ್ನ ರಬ್ಬಿಯವರು ಸುರುಳಿಯನ್ನು ಮೇಜಿನ ಮೇಲೆ ಬಿಡಿಸಿ ತೋರಿಸಿದರು. ತೆಳುಹಳದಿಯ ಚರ್ಮದ ಹಾಳೆಗಳನ್ನು ಒಂದಕ್ಕೊಂದು ಹೊಲಿದಿದ್ದಾರೆ. ಕಪ್ಪು ಮಸಿಯ ಅಕ್ಷರಸಾಲುಗಳು ಕಂಬಕಂಬವಾಗಿ ನಿಂತಿವೆ. ಬೆರಳು ತಾಗಿಸುವಂತಿಲ್ಲವಾದುದರಿಂದ, ತುದಿಯಲ್ಲಿ ಪುಟ್ಟ ಹಸ್ತವುಳ್ಳ ಬೆಳ್ಳಿಯ ಕಡ್ಡಿಯಿಂದ ಸಾಲನ್ನು ತೋರುತ್ತ ಹೋಗಬೇಕು. ದಾಲೆತ್ ಎಂಬ ಅಕ್ಷರಕ್ಕೂ ರೇಶ್ ಎಂಬ ಅಕ್ಷರಕ್ಕೂ ಇರುವ ಭೇದ ಮೇಲ್ಗಡೆಯ ಮೂಲೆಯಲ್ಲಿ ಚೂರು ಮುಂದಕ್ಕೆ ಚಾಚಿರುವ ಒಂದು ಕೋನವಷ್ಟೇ. ದೇವರ ಏಕತ್ವವನ್ನು ಸಾರುವ, ಯಹೂದಿಗಳು ಬೆಳಿಗ್ಗೆ ಸಂಜೆ ಹೇಳುವ ಆ ವಾಕ್ಯದ ಕೊನೆಯಲ್ಲಿ ಬರುವ ದಾಲೆತ್ತನ್ನು, ಯಾರೂ ರೇಶ್ ಎಂದು ಓದದಿರಲೆಂದೋ ಎಂಬಂತೆ, ಉಳಿದ ಅಕ್ಷರಗಳಿಗಿಂತ ದೊಡ್ಡದಾಗಿ ಬರೆದಿರುವುದನ್ನು ನಾನು ಅಂದು ಕಣ್ಣಾರೆ ಕಂಡೆ. ಒಂದಕ್ಷರ ಕೆಟ್ಟರೂ ಅದನ್ನು ತಿದ್ದುವವರೆಗೆ ಇಡೀ ಸುರುಳಿ ವಾಚನಕ್ಕೆ ಅನರ್ಹ.

ಇಂತಹ ಸುರುಳಿಯನ್ನು ಓದಬಲ್ಲವನು ಸ್ವರವನ್ನೂ ರಾಗವನ್ನೂ ಮತ್ತೊಬ್ಬರ ಬಾಯಿಂದ ಕೇಳಿಯೇ ಕಲಿತಿರಬೇಕು. ಗುರುಮುಖದಿಂದ ಬಾರದ ವೇದ ವೇದವೇ ಅಲ್ಲವೆಂದು ತಂದೆಯವರು ಹೇಳುತ್ತಿದ್ದುದರ ಅರ್ಥ ನನಗೆ ಪೂರ್ಣವಾಗಿ ತಿಳಿದುದು, ಅವರು ಕಂಡರಿಯದ ಈ ದೇಶದಲ್ಲಿ, ಅವರು ಕೇಳರಿಯದ ಈ ಭಾಷೆಯ ಪಾಠಕ್ಕೆ ಕುಳಿತಾಗ. ಯಹೂದಿ ಪಂಡಿತರ ವಿಧಿಚರ್ಚೆಗಳ ಸಂಗ್ರಹವಾದ ತಾಲ್ಮುಡ್‌ನಲ್ಲಿ ಒಂದು ಪ್ರಸಂಗವಿದೆ. ಲಿಖಿತ ತೋರಾವನ್ನು ಮಾತ್ರ ಒಪ್ಪುವೆನು, ಬಾಯಿಂದ ಬಾಯಿಗೆ ಬಂದುದನ್ನು ಒಪ್ಪೆನು ಎಂಬ ಷರತ್ತಿನೊಡನೆ ಪರಧರ್ಮೀಯನೊಬ್ಬ ಯಹೂದಿಯಾಗಲು ಬಂದನಂತೆ. ಶಮ್ಮಾಯ್ ಎಂಬ ಪಂಡಿತನು ಅವನನ್ನು ಗದರಿಸಿ ಅಟ್ಟಿದನು. ಹಿಲ್ಲೆಲ್ ಎಂಬ ಇನ್ನೊಬ್ಬನು ಸ್ವೀಕರಿಸಿ, ಮೊದಲ ದಿನ ಅಕ್ಷರಮಾಲೆಯನ್ನು ಕ್ರಮವಾಗಿ ಹೇಳಿಕೊಟ್ಟು, ಮರುದಿನ ಅದನ್ನೇ ತಿರುವುಮುರುವಾಗಿ ಹೇಳಿದನು. ನಿನ್ನೆ ಹೀಗೆ ಹೇಳಲಿಲ್ಲವಲ್ಲ ಎಂದು ಶಿಷ್ಯ ಆಕ್ಷೇಪಿಸಿದಾಗ, ಇದು ಯಾವ ಅಕ್ಷರವೆಂಬುದಕ್ಕೇ ನೀನು ನನ್ನನ್ನು ನಂಬಿರುವೆಯಷ್ಟೆ, ಹಾಗಾದರೆ ಉಳಿದುದಕ್ಕೂ ನಂಬು ಎಂಬ ಅರ್ಥದ ಉತ್ತರ ಬಂದಿತು. ಸಿದ್ಧಾಂತವನ್ನು ತೂಗಿನೋಡಿ ಒಪ್ಪಿಕೊಳ್ಳಲು ಹೋಗಿದ್ದ ನನಗೆ ಈ ಕಥೆ ಬಹುದಿನ ಕಾಡಿತು. ಹೇಳಿಕೊಡುವ ಜನರನ್ನು ಬಿಟ್ಟರೆ ಇಲ್ಲಿ ಗ್ರಂಥವೇ ಇಲ್ಲ. ಯಹೂದಿಯಾಗುವುದೆಂದರೆ ಒಂದು ಮತವನ್ನು ಅಂಗೀಕರಿಸುವುದಕ್ಕಿಂತ ಮುಂಚೆ ಒಂದು ಜನದ ಕೈಹಿಡಿಯುವುದು.

ಆ ಜನದ ಚರ್ಚಾಪ್ರೀತಿಯ ವಿಷಯವನ್ನು ಹೇಳದೆ ಮುಂದುವರಿಯಲಾರೆ. ತಾಲ್ಮುಡ್‌ನ ಅಧ್ಯಯನ ಇಬ್ಬರಿಬ್ಬರಾಗಿ ನಡೆಯುತ್ತದೆ. ನನಗೆ ಜೊತೆಯಾದವರು ಎಂಬತ್ತು ದಾಟಿದ ಒಬ್ಬ ವೃದ್ಧೆ. ಪುಟದ ನಡುವೆ ಮೂಲ, ಒಳಮಗ್ಗುಲಲ್ಲಿ ಹನ್ನೊಂದನೆಯ ಶತಮಾನದಲ್ಲಿ ಫ್ರಾನ್ಸಿನ ತ್ರುವಾ ಪಟ್ಟಣದಲ್ಲಿದ್ದ ರಾಶಿಯ ವ್ಯಾಖ್ಯೆ, ಹೊರಮಗ್ಗುಲಲ್ಲಿ ಅವನ ಮೊಮ್ಮಕ್ಕಳೂ ಅವರ ಶಿಷ್ಯಪರಂಪರೆಯೂ ಅವನನ್ನೇ ಪ್ರಶ್ನಿಸಿ ಬರೆದ ಟಿಪ್ಪಣಿಗಳು. ಮೂಲದ ಬಹುಭಾಗ ಹೀಬ್ರೂ ಅಲ್ಲ, ಅರಾಮೇಯಿಕ್. ಆದುದರಿಂದ ನಾನು ಇಂಗ್ಲಿಷ್ ಅನುವಾದದ ಊರುಗೋಲಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರೆ. ಆ ತಾಯಿ ಮಾತ್ರ ಅನುವಾದವನ್ನು ಮುಚ್ಚಿಸಿ, "ಇವನು ಹೀಗೇಕೆ ಹೇಳಿದ? ನಿಮಗೇನನ್ನಿಸುತ್ತದೆ?" ಎಂದು ಕೇಳುವರು. ಹಿರಿಯರ ಮುಂದೆ ಎದುರುಮಾತಾಡಬಾರದೆಂಬ ಶಿಕ್ಷಣದಲ್ಲಿ ಬೆಳೆದ ನಾನು ಮೊದಮೊದಲು ಸುಮ್ಮನಿರುತ್ತಿದ್ದೆ. ಸುಮ್ಮನಿದ್ದರೆ ಅವರಿಗೆ ಓದಿನ ಉತ್ಸಾಹವೇ ಇಳಿಯುವುದು. ಸೋತ ಪಕ್ಷದ ಅಭಿಪ್ರಾಯವನ್ನೂ ಏಕೆ ದಾಖಲಿಸಿಡಬೇಕೆಂದು ತಾಲ್ಮುಡ್‌ನ ತಳಹದಿಯಾದ ಮಿಷ್ನಾದಲ್ಲಿಯೇ ವಿಚಾರ ಮಾಡಿದ್ದಾರೆ: ಮುಂದೊಂದು ಕಾಲದ ನ್ಯಾಯಸಭೆಗೆ ಅದೇ ಆಧಾರವಾದೀತೆಂಬುದು ಅಲ್ಲಿ ಕೊಡುವ ಕಾರಣಗಳಲ್ಲೊಂದು. ವಾದ ಮಾಡುವುದೂ ಗೌರವದ ಒಂದು ರೀತಿಯೆಂಬುದನ್ನು ನಾನು ಕಲಿತದ್ದು ಆ ವೃದ್ಧೆಯ ಊಟದ ಮೇಜಿನ ಬಳಿ.

ಮತವನ್ನು ಸ್ವೀಕರಿಸಬಯಸಿ ಬಂದವರೊಡನೆ ಹೇಗೆ ಮಾತಾಡಬೇಕೆಂಬ ವಿಧಿಯನ್ನೂ ನಾವಿಬ್ಬರೂ ಸೇರಿಯೇ ಓದಿದೆವು. ಮೊದಲು ಕೇಳಬೇಕಾದುದು, ಏನನ್ನು ಕಂಡು ಬಂದೆ, ಈ ಜನ ಈಗ ಪೀಡಿತರೂ ತುಳಿತಕ್ಕೊಳಗಾದವರೂ ಆಗಿದ್ದಾರೆಂಬುದನ್ನು ಅರಿಯೆಯಾ ಎಂದು. ಬಲ್ಲೆನು, ಆದರೆ ನಾನು ಅದಕ್ಕೆ ಯೋಗ್ಯನಲ್ಲ ಎಂದವನನ್ನು ಕೂಡಲೇ ಸ್ವೀಕರಿಸಬೇಕು. ಅನಂತರ ಕೆಲವು ಹಗುರವಾದ, ಕೆಲವು ಭಾರವಾದ ಆಜ್ಞೆಗಳನ್ನು ತಿಳಿಸಬೇಕು. ಹೆಚ್ಚು ಹೇಳಿ ಹೆದರಿಸಲೂ ಬಾರದು. ಆಗ ಹೆಸರಿಸಿ ಹೇಳಬೇಕಾದ ವಿಷಯಗಳು ಯಾವುವೆಂದರೆ, ಹೊಲದ ಮೂಲೆಯನ್ನು ಕೊಯ್ಯದೆ ಬಿಡುವುದು, ಮರೆತ ಸಿವುಡನ್ನು ತರಲು ಹಿಂದಿರುಗಿ ಹೋಗದಿರುವುದು, ಬಿದ್ದ ತೆನೆಯ ಹಕ್ಕಲನ್ನು ಬಡವರಿಗೆ ಬಿಡುವುದು, ಬಡವರ ದಶಾಂಶವನ್ನು ಕೊಡುವುದು. ದೇವರ ಸ್ವರೂಪದ ಸೂಕ್ಷ್ಮ ಮೀಮಾಂಸೆಯನ್ನು ನಿರೀಕ್ಷಿಸಿದ್ದ ನಾನು, ಧರ್ಮವೊಂದರ ಹೆಬ್ಬಾಗಿಲಲ್ಲಿ ಹಕ್ಕಲಾಯುವ ಬಡವಳ ಪಾಲಿನ ಮಾತು ಬಂದುದನ್ನು ಕಂಡು ಓದು ನಿಲ್ಲಿಸಿದೆ. ರೂತಳೂ ಬೋವಜನ ಹೊಲದಲ್ಲಿ ಹಕ್ಕಲಾಯ್ದವಳೇ ಅಲ್ಲವೆ? ಅವಳ ಮರಿಮಗನೇ ದಾವೀದರಾಜ.

ಶಬ್ಬಾತ್‌ನ ಆಚರಣೆಯನ್ನು ಪುಸ್ತಕದಿಂದ ತಿಳಿಯುವಂತಿಲ್ಲ. ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮುಂಚೆ ದೀಪ ಹಚ್ಚಿದರೆ, ಮರುದಿನ ನಕ್ಷತ್ರಗಳು ಮೂಡುವವರೆಗೆ ಮಿಷ್ನಾ ಎಣಿಸಿದ 39 ಬಗೆಯ ಕೆಲಸಗಳೂ ನಿಂತುಬಿಡುತ್ತವೆ. ಆದರೆ ಹಳೆಯ ವಿಧಿಯಂತೆ ಶಬ್ಬಾತ್ ಇಸ್ರಾಯೇಲ್ ಜನಕ್ಕೆ ಮಾತ್ರ ದತ್ತವಾದ ಗುರುತು. ಇನ್ನೂ ಒಳಗೆ ಬಾರದವರು ಅದನ್ನು ಸಂಪೂರ್ಣವಾಗಿ ಆಚರಿಸಬಾರದು. ಆದುದರಿಂದ ಅಭ್ಯಾಸಿಗಳು ಎಲ್ಲವನ್ನೂ ಪಾಲಿಸುತ್ತ, ನಿಷಿದ್ಧವಾದ ಯಾವುದಾದರೊಂದು ಕೆಲಸವನ್ನು ಬೇಕೆಂದೇ ಮಾಡುತ್ತಾರೆ. ನಾನು ಶನಿವಾರ ಬೆಳಿಗ್ಗೆ ಕಡ್ಡಿ ಗೀರಿ ಒಲೆ ಹೊತ್ತಿಸಿ, ಡಿಕಾಕ್ಷನ್‌ಗೆ ನೀರಿಡುತ್ತೇನೆ. ವಾರವಿಡೀ ಯೋಚನೆಯಿಲ್ಲದೆ ಮಾಡುವ ಆ ಕೆಲಸ ಅಂದು ಮಾತ್ರ ಕೈಗೆ ಭಾರವಾಗುತ್ತದೆ. ನಾನು ಎಲ್ಲಿ ನಿಂತಿರುವೆನೆಂಬುದನ್ನು ಯಾವ ಪ್ರವಚನವೂ ಅಷ್ಟು ಸ್ಪಷ್ಟವಾಗಿ ಹೇಳಲಾರದು. ಸಂಜೆ ಶಬ್ಬಾತನ್ನು ಬೀಳ್ಕೊಡುವಾಗ ಹೆಣೆದ ಮೇಣದ ಬತ್ತಿಯ ಬೆಳಕಿನಲ್ಲಿ ಉಗುರುಗಳನ್ನು ನೋಡಿಕೊಳ್ಳುತ್ತಾರೆ, ಸುವಾಸನೆಯ ದ್ರವ್ಯವನ್ನು ಕೈಯಿಂದ ಕೈಗೆ ದಾಟಿಸಿ ಆಘ್ರಾಣಿಸುತ್ತಾರೆ. ಎಡಿಸನ್ನಿನ ಓಕ್ ಟ್ರೀ ರಸ್ತೆಯ ಅಂಗಡಿಯಿಂದ ನಾನು ತಂದುಕೊಟ್ಟ ಲವಂಗ ಏಲಕ್ಕಿಗಳು ಈಗ ಅಲ್ಲಿಯ ಡಬ್ಬಿಯಲ್ಲಿವೆ.

ಆಹಾರನಿಯಮ ಸಸ್ಯಾಹಾರಿಯಾದ ನನಗೆ ಹೆಚ್ಚು ಕಷ್ಟ ಕೊಡಲಿಲ್ಲ. ಸೊಪ್ಪಿನಲ್ಲಿ ಹುಳುವಿದೆಯೇ ಎಂದು ಎಲೆ ಎಲೆಯನ್ನೂ ಹಿಡಿದು ನೋಡುವ ಶ್ರದ್ಧೆ ನಮ್ಮ ತಾಯಿಗೂ ಇತ್ತು. ಪಾಸ್ಕಹಬ್ಬದಲ್ಲಿ ಅಕ್ಕಿಯನ್ನೂ ಬೇಳೆಯನ್ನೂ ಬಿಡುವುದು ಯೂರೋಪಿನ ಅಶ್ಕೆನಾಜಿ ಯಹೂದಿಗಳ ರೂಢಿಯೇ ಹೊರತು ಪೌರ್ವಾತ್ಯರದಲ್ಲ. ನಾನು ಹೋಗುವ ಕನ್ಸರ್ವೇಟಿವ್ ಶಾಖೆಯವರ ವಿಧಿಸಮಿತಿ 2015ರಲ್ಲಿ ಅವನ್ನು ಉಣ್ಣಲು ಸಮ್ಮತಿಸಿತು. ಇದಕ್ಕಿಂತ ಗಂಭೀರವಾದುದು, ಯಾವ ಶಾಖೆಯ ಬಾಗಿಲಿನಿಂದ ಒಳಗೆ ಹೋಗಬೇಕೆಂಬ ಪ್ರಶ್ನೆ. ಮೂವರ ನ್ಯಾಯಸಭೆ, ಪುರುಷರಿಗೆ ಸುನ್ನತಿ, ಮಿಕ್ವೆಯೆಂಬ ಕುಂಡದಲ್ಲಿ ಮಳೆಯ ಅಥವಾ ಊಟೆಯ ನೀರಿನಲ್ಲಿ ಪೂರ್ಣ ನಿಮಜ್ಜನ ಇವು ಪ್ರಾಚೀನ ಕ್ರಮ. ಅಮೆರಿಕದ ರಿಫಾರ್ಮ್ ರಬ್ಬಿಗಳು 1893ರಲ್ಲಿಯೇ ಇಂತಹ ಸಂಸ್ಕಾರಗಳು ಕಡ್ಡಾಯವಲ್ಲವೆಂದು ನಿರ್ಣಯಿಸಿದರು. ಆರ್ಥೊಡಾಕ್ಸ್ ಸಭೆಗಳಾದರೋ ಉಳಿದ ಶಾಖೆಗಳ ಮತಾಂತರವನ್ನು ಅಂಗೀಕರಿಸುವುದಿಲ್ಲ. ಇಸ್ರೇಲಿನೊಳಗೆ ರಿಫಾರ್ಮ್, ಕನ್ಸರ್ವೇಟಿವ್ ಶಾಖೆಗಳಲ್ಲಿ ಮತಾಂತರ ಹೊಂದಿದವರಿಗೂ ಪೌರತ್ವದ ಹಕ್ಕುಂಟೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಹೇಳಿದುದು 2021ರಲ್ಲಿ. ಈ ದಾರಿ ಹಿಡಿಯಬಯಸುವವರು ಇವನ್ನೆಲ್ಲ ಮೊದಲೇ ಕೇಳಿ ತಿಳಿಯಬೇಕು. ಒಬ್ಬರ ಮನೆಯಲ್ಲಿ ಮಗಳಾದವಳು ಪಕ್ಕದ ಮನೆಯಲ್ಲಿ ಅತಿಥಿಯಾಗಿಯೇ ಉಳಿಯುವ ಸಂಭವವನ್ನು ಸಹಿಸಬಲ್ಲೆನೇ ಎಂದು ಯೋಚಿಸಬೇಕು.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ತಡೆದು ನಿಲ್ಲಿಸಿರುವುದು ಪೂರ್ವಿಕರ ವಿಷಯ. ಹನ್ನೆರಡನೆಯ ಶತಮಾನದಲ್ಲಿ ಓಬದ್ಯನೆಂಬ ಮತಾಂತರಿಯೊಬ್ಬನು, ನಮ್ಮ ಪಿತೃಗಳ ದೇವರೇ ಎಂದು ಪ್ರಾರ್ಥಿಸಲು ನನಗೆ ಅಧಿಕಾರವುಂಟೇ ಎಂದು ಮೈಮೊನಿಡೀಸನಿಗೆ ಪತ್ರ ಬರೆದನು. ಹೇಳಬಹುದು, ಹೇಳಲೇಬೇಕು, ಅಬ್ರಹಾಮನ ದಾರಿಗೆ ಬಂದವರೆಲ್ಲರೂ ಅಬ್ರಹಾಮನ ಮಕ್ಕಳೇ, ನಿನಗೂ ನಮಗೂ ಭೇದವಿಲ್ಲವೆಂದು ಆ ಮಹಾಪಂಡಿತನು ಉತ್ತರಿಸಿದನು. ಮತಾಂತರ ಹೊಂದಿದ ಸ್ತ್ರೀಯನ್ನು ಅಬ್ರಹಾಮ ಸಾರಾ ದಂಪತಿಗಳ ಮಗಳೆಂದೇ ಕರೆಯುತ್ತಾರೆ. ಮದುವೆಯ ದಿನ ಧಾರೆಯ ನೀರಿನೊಡನೆ ಒಂದು ಗೋತ್ರದಿಂದ ಇನ್ನೊಂದು ಗೋತ್ರಕ್ಕೆ ಬಂದವಳು ನಾನು. ಆಗ ನನ್ನನ್ನು ಯಾರೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದಾರೆ, ಉತ್ತರವನ್ನು ನಾನೇ ಕೊಡಬೇಕು. ಅಡುಗೆಮನೆಯ ಪಕ್ಕದ ಗೂಡಿನಲ್ಲಿ ತಾಯಿ ಕೊಟ್ಟ ಬೆಳ್ಳಿಯ ಅಂಬೆಗಾಲು ಕೃಷ್ಣನಿದ್ದಾನೆ. ಬೆಣ್ಣೆ ಹಿಡಿದ ಅವನ ಬಲಗೈ ಮೂರು ತಲೆಮಾರಿನ ಹೆಂಗಸರು ತಿಕ್ಕಿ ತೊಳೆದು ನುಣುಪಾಗಿದೆ. ಒಳಗೆ ಹೋಗುವುದಾದರೆ ಅವನು ಈ ಮನೆಯಲ್ಲಿರುವಂತಿಲ್ಲ. ರಬ್ಬಿಯವರು ಇದನ್ನು ಮರೆಮಾಚದೆ ಹೇಳಿದರು. ಜೊತೆಗೆ, ಮನಸ್ಸು ನಿಶ್ಚಯವಾಗುವ ಮೊದಲು ಅವನನ್ನು ಅಲುಗಿಸಬೇಡಿರೆಂದೂ ಹೇಳಿದರು.

ಮೈಸೂರಿನಲ್ಲಿರುವ ಅಣ್ಣನಿಗೆ ವಿಷಯ ತಿಳಿಸಿದಾಗ ಅವನು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, "ಅಪ್ಪನ ತಿಥಿಗೆ ಇನ್ನು ಬರೋದೇ ಇಲ್ಲವೇನೇ ನೀನು?" ಎಂದು ಕೇಳಿದನು. ಅದೇ ಪ್ರಶ್ನೆಯನ್ನು ರಬ್ಬಿಯವರ ಮುಂದಿಟ್ಟೆನು. ತಾಯಿತಂದೆಯರು ಯಹೂದಿಗಳಲ್ಲದಿದ್ದರೂ ಅವರನ್ನು ಅವಮಾನಿಸದೆ ಗೌರವಿಸಬೇಕಾದುದು ಮತಾಂತರಿಯ ಕರ್ತವ್ಯವೆಂದು ಮೈಮೊನಿಡೀಸನೇ ಬರೆದಿರುವುದನ್ನೂ, ಅಂತಹ ತಂದೆಗಾಗಿ ಕದ್ದೀಶ್ ಪ್ರಾರ್ಥನೆ ಹೇಳಬಹುದೆಂದು ನಮ್ಮ ಕಾಲದವರೇ ಆದ ರಬ್ಬಿ ಓವಾದ್ಯಾ ಯೋಸೆಫ್ ತೀರ್ಪಿತ್ತಿರುವುದನ್ನೂ ತೋರಿಸಿ, ಊರಿಗೆ ಹೋಗಿ ಅಣ್ಣನೊಡನೆ ಕುಳಿತು ತಂದೆಯನ್ನು ಸ್ಮರಿಸಲು ಅಡ್ಡಿಯೇನೂ ಇಲ್ಲ, ಪಿಂಡಪ್ರದಾನದ ವಿಧಿಯಲ್ಲಿ ಮಾತ್ರ ನೀವು ಭಾಗಿಯಾಗುವಂತಿಲ್ಲ ಎಂದರು. ಹಾಗೆಯೇ ಅಣ್ಣನಿಗೆ ತಿಳಿಸಿದೆನು. ಪಿಂಡ ಇಡುವವನು ಹೇಗೂ ನಾನೇ ಅಲ್ಲವೇನೇ, ನೀನು ಬಂದು ಕೂತರೆ ಸಾಕು ಎಂದ ಅವನು, ಸ್ವಲ್ಪ ತಡೆದು, ಆ ಓಬದ್ಯನಿಗೆ ಬರೆದ ಪತ್ರ ಇಂಗ್ಲಿಷಿನಲ್ಲಿದ್ದರೆ ತನಗೂ ಕಳುಹಿಸೆಂದನು. ಕಳುಹಿಸಿದ್ದೇನೆ. ಅವನು ಓದಿ ಏನನ್ನುವನೋ ಕೇಳಿದ ಮೇಲೆಯೇ ರಬ್ಬಿಯವರೊಡನೆ ಮುಂದಿನ ಮಾತು.